ಉತ್ಪನ್ನದ ಆಯುಷ್ಯ ಹೆಚ್ಚಿಸುವುದು ಹೇಗೆ?

ಮಾರಾಟ ಎರಡು ತಿಂಗಳು ಮಂಕಾದರೆ ಸಾಕು, ರಿಯಾಯಿತಿ ಘೋಷಿಸಿ, ಡಬ್ಬಿಯ ಬಣ್ಣ ಬದಲಿಸಿ, ಅದೂ ನಡೆಯದಿದ್ದರೆ ‘ಇದರ ಕಾಲ ಮುಗಿಯಿತು’ ಎಂದು ಕೈತೊಳೆದುಕೊಳ್ಳುವವರೇ ಹೆಚ್ಚು. ಪರಿಚಯ, ಬೆಳವಣಿಗೆ, ಪ್ರೌಢಾವಸ್ಥೆ, ಇಳಿಕೆ ಎಂಬ ಉತ್ಪನ್ನದ ಆಯುಷ್ಯದ ನಾಲ್ಕು ಹಂತಗಳು ಎಲ್ಲರಿಗೂ ಬಾಯಿಪಾಠ. ತಮ್ಮ ಸರಕು ಈಗ ಎಲ್ಲಿದೆ ಎಂದು ಲೆಕ್ಕ ಹಾಕುವಲ್ಲೇ ಎಡವುವುದು.

1. ಹಂತ ಗುರುತಿಸಿ

ಹಣದ ಲೆಕ್ಕ ಬದಿಗಿಟ್ಟು ಮಾರಾಟವಾದ ನಗ (ಬಿಡಿ ವಸ್ತು) ಎಣಿಸಿ. ಬೆಲೆ ಶೇ 10 ಏರಿಸಿದ್ದೀರಿ, ನಗಗಳು ಶೇ 8ರಷ್ಟು ಇಳಿದಿವೆ ಎನ್ನಿ. ವಹಿವಾಟು ಆಗಲೂ ಶೇ 1ರಷ್ಟು ಏರಿದಂತೆಯೇ ಕಾಣುತ್ತದೆ!

ಗೋದಾಮಿನಿಂದ ಹೊರಟದ್ದೆಲ್ಲ ಮಾರಾಟವಲ್ಲ ಎಂಬುದೂ ನೆನಪಿರಲಿ. ತಿಂಗಳ ಆರಂಭದಲ್ಲಿ ಡೀಲರುಗಳ ಬಳಿ 1,200 ನಗ ಇತ್ತು, ನೀವು 1,000 ಕಳಿಸಿದಿರಿ, ತಿಂಗಳ ಕೊನೆಗೆ 1,500 ಉಳಿಯಿತು ಎಂದರೆ ಗ್ರಾಹಕರ ಕೈ ಸೇರಿದ್ದು 700 ಮಾತ್ರ. ಹೀಗೇ ದಾಸ್ತಾನು ಬೆಳೆಯುತ್ತ ಹೋದರೆ ಡೀಲರುಗಳು ಒಂದು ದಿನ ಆರ್ಡರ್ ನಿಲ್ಲಿಸುತ್ತಾರೆ. ಅದನ್ನು ‘ದಿಢೀರ್ ಕುಸಿತ’ ಎನ್ನುತ್ತಾರೆ, ದಿಢೀರ್ ಏನೂ ಅಲ್ಲ.

ಸೀಸನ್ನಿನ ಏರಿಳಿತ ಕಣ್ಣು ಕಟ್ಟದಿರಲು ಪ್ರತಿ ತಿಂಗಳೂ ಹಿಂದಿನ 12 ತಿಂಗಳಲ್ಲಿ ಮಾರಿದ ನಗಗಳ ಮೊತ್ತ ಬರೆಯಿರಿ: ಹೊಸ ತಿಂಗಳನ್ನು ಕೂಡಿಸಿ, ಅತಿ ಹಳೆಯದನ್ನು ಕಳೆಯಿರಿ. ಮೊತ್ತ ಏರುತ್ತಿದ್ದರೂ ಏರುವ ವೇಗ ತಗ್ಗುತ್ತಿದ್ದರೆ ಪ್ರೌಢಾವಸ್ಥೆ ಹತ್ತಿರ ಬಂದಿದೆ. ಆಯುಷ್ಯ ಹೆಚ್ಚಿಸುವ ಕೆಲಸ ಶುರುವಾಗಬೇಕಾದ್ದು ಇಲ್ಲಿ, ಮೊತ್ತ ಇಳಿಯತೊಡಗಿದ ಮೇಲಲ್ಲ.

ಮೊತ್ತ ಇಳಿಯುತ್ತಲೇ ಇದ್ದರೆ ಪ್ರತಿಸ್ಪರ್ಧಿಗಳದ್ದನ್ನೂ ನೋಡಿ. ಅವರದು ನಿಂತಲ್ಲೇ ನಿಂತು ನಿಮ್ಮದು ಮಾತ್ರ ಇಳಿದಿದ್ದರೆ ಅದು ವಯಸ್ಸಿನ ಸಮಸ್ಯೆಯಲ್ಲ. ಅಂಗಡಿಯಲ್ಲಿ ಸರಕು ಸಿಗುತ್ತಿಲ್ಲ, ಗುಣಮಟ್ಟ ಕೆಟ್ಟಿದೆ ಅಥವಾ ಬೆಲೆ ಹೊಂದುತ್ತಿಲ್ಲ. ‘ಇಳಿಕೆಯ ಹಂತ’ ಎಂದು ಹಣೆಪಟ್ಟಿ ಹಚ್ಚಿ ಜಾಹೀರಾತು ನಿಲ್ಲಿಸಿದರೆ ನಿಜವಾಗಿಯೂ ಇಳಿಯುತ್ತದೆ. ಜಾಹೀರಾತು ಸಂಸ್ಥೆಯೊಂದರ ಸಂಶೋಧಕರಾದ ನರಿಮನ್ ಧಲ್ಲಾ ಮತ್ತು ಸೋನಿಯಾ ಯೂಸ್‌ಪೆ 1976ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು.

2. ದಾರಿ ಆರಿಸಿ

ಮಾರುಕಟ್ಟೆ ಶಾಸ್ತ್ರದ ಪ್ರಾಧ್ಯಾಪಕ ಥಿಯೊಡರ್ ಲೆವಿಟ್ 1965ರಲ್ಲಿ ಹೇಳಿದ ನಾಲ್ಕು ದಾರಿಗಳು ಈಗಲೂ ಸಾಕು: ಈಗಿನ ಗ್ರಾಹಕರು ಹೆಚ್ಚು ಸಲ ಬಳಸುವಂತೆ ಮಾಡುವುದು, ಅವರಿಗೇ ಬೇರೆ ಬೇರೆ ಬಗೆಯ ಬಳಕೆ ತೋರಿಸುವುದು, ಹೊಸ ಗ್ರಾಹಕರನ್ನು ಹುಡುಕುವುದು, ಮೂಲ ವಸ್ತುವಿಗೇ ಹೊಸ ಉಪಯೋಗ ಕಂಡುಕೊಳ್ಳುವುದು. ಕಾಲುಚೀಲದ ನೈಲಾನ್ ಪ್ಯಾರಾಚೂಟ್, ಟೈರಿನೊಳಗಿನ ಹುರಿ, ಕಾರ್ಪೆಟ್‌ವರೆಗೆ ಹೋದದ್ದು ಹೀಗೆ.

ಮೊದಲು ಹೊಸ ಬಳಕೆಯನ್ನೇ ಹುಡುಕಿ. ಅಮೆರಿಕದ ಆರ್ಮ್ ಅಂಡ್ ಹ್ಯಾಮರ್ ಬ್ರ್ಯಾಂಡಿನವರು ತಮ್ಮ ಅಡುಗೆ ಸೋಡಾವನ್ನು 1972ರಲ್ಲಿ ಫ್ರಿಜ್ಜಿನ ವಾಸನೆ ಹೀರುವ ಪುಡಿ ಎಂದು ಪ್ರಚಾರ ಮಾಡಿದರು. ಪುಡಿ ಅದೇ. ಆದರೆ ಬೇಯಿಸುವಾಗ ಚಮಚದ ಲೆಕ್ಕದಲ್ಲಿ ಖರ್ಚಾಗುತ್ತಿದ್ದುದು ಈಗ ಇಡೀ ಪೆಟ್ಟಿಗೆಯಾಗಿ ಫ್ರಿಜ್ಜಿನೊಳಗೆ ಕೂತಿತು, ಆಗಾಗ ಬದಲಿಸಬೇಕಾಯಿತು. ಇಂಥ ಸುಳಿವು ಸಿಗುವುದು ದೂರುಗಳಲ್ಲಿ, ಗ್ರಾಹಕರ ‘ಇದಕ್ಕೂ ಬಳಸಬಹುದೇ?’ ಎಂಬ ಪ್ರಶ್ನೆಗಳಲ್ಲಿ.

ರಿಯಾಯಿತಿಯ ಅಡ್ಡದಾರಿ ಹಿಡಿಯಬೇಡಿ. 100ಕ್ಕೆ ಮಾರುವ ನಗಕ್ಕೆ 70 ವೆಚ್ಚವಾದರೆ ಉಳಿಯುವುದು 30. ಶೇ 10 ರಿಯಾಯಿತಿ ಕೊಟ್ಟರೆ ಅದು 20ಕ್ಕಿಳಿಯುತ್ತದೆ. ಮೊದಲಿನ ಲಾಭಕ್ಕೇ ಒಂದೂವರೆ ಪಟ್ಟು ಮಾರಬೇಕು. ‘ಹೊಸ, ಸುಧಾರಿತ’ ಎಂದು ಅಚ್ಚು ಹಾಕಿ ಒಳಗೆ ಹಳೆಯದನ್ನೇ ತುಂಬುವುದು ಇನ್ನೂ ಕೆಟ್ಟದು: ಒಮ್ಮೆ ಕೊಂಡವರು ಮತ್ತೆ ಬರುವುದಿಲ್ಲ.

3. ಪರೀಕ್ಷಿಸಿ

ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ಪ್ರದೇಶದಲ್ಲಿ ಮಾಡಿ, ಅದನ್ನೇ ಹೋಲುವ ಇನ್ನೊಂದನ್ನು ಮುಟ್ಟದೆ ಬಿಡಿ. ಗ್ರಾಹಕರು ಎರಡನೇ ಸಲ ಕೊಳ್ಳುವವರೆಗೆ ಕಾಯಿರಿ. ಮೊದಲ ಖರೀದಿ ಬರೀ ಕುತೂಹಲದ್ದಾಗಿರಬಹುದು. ಹೊಸ ಸಣ್ಣ ಪ್ಯಾಕೆಟ್ ಬಿಟ್ಟಿದ್ದರೆ ದೊಡ್ಡದರ ಮಾರಾಟ ಎಷ್ಟು ಇಳಿಯಿತೆಂದೂ ನೋಡಿ, ಅಷ್ಟನ್ನು ಲೆಕ್ಕದಿಂದ ಕಳೆಯಿರಿ.

4. ನಿಲ್ಲಿಸುವುದಾದರೆ

ಇಡೀ ಮಾರುಕಟ್ಟೆಯೇ ಕರಗುತ್ತಿದ್ದರೆ ನಿಧಾನ ಓಡುವ ಸೈಜುಗಳನ್ನು ಮೊದಲು ಕೈಬಿಡಿ. ಕೊನೆಯ ನಗದ ವಾರಂಟಿ ಮುಗಿಯುವವರೆಗೆ ಬೇಕಾಗುವ ಬಿಡಿಭಾಗಗಳನ್ನು, ಅವುಗಳ ಅಚ್ಚುಗಳನ್ನು ಗುಜರಿಗೆ ಹಾಕುವ ಮೊದಲೇ, ಮಾಡಿಸಿಡಿ.