ಶೋಕೇಸಿನೊಳಗೊಂದು ವಾಯುಪಡೆ: ಪುಟ್ಟ ಯುದ್ಧವಿಮಾನ ಸಂಗ್ರಹ ಶುರು ಮಾಡೋದು ಹೇಗೆ?

ನಾನು ಮೊದಲು ಕೊಂಡ ಎರಡು ಮಾಡೆಲ್‌ಗಳಲ್ಲಿ ಒಂದು ನ್ಯಾಟ್, ಇನ್ನೊಂದು ಸುಖೋಯ್-30. ಅಕ್ಕಪಕ್ಕ ಇಟ್ಟು ನೋಡಿದರೆ ನ್ಯಾಟೇ ದೊಡ್ಡದು! ಅಸಲಿ ನ್ಯಾಟ್ ಉದ್ದ ಬರೀ 9 ಮೀಟರ್, ಸುಖೋಯ್ ಹತ್ತಿರ ಹತ್ತಿರ 22 ಮೀಟರ್. ತಪ್ಪು ನನ್ನದೇ. ನ್ಯಾಟ್ 1/48 ಸ್ಕೇಲಿನದು, ಅಂದರೆ ಅಸಲಿ ಉದ್ದದ 48ರಲ್ಲಿ ಒಂದು ಪಾಲು; ಸುಖೋಯ್ 1/144ರದು. ಡಬ್ಬಿ ಮೇಲಿನ ಆ ಸಂಖ್ಯೆ ನೋಡದೆ, ಚೆನ್ನಾಗಿದೆ ಅಂತ ಸುಮ್ನೆ ಕೊಂಡುಬಿಟ್ಟಿದ್ದೆ.

ಹಾಗಾಗಿ ಮೊದಲ ಕೆಲಸ, ಒಂದು ಸ್ಕೇಲ್ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ನನ್ನ ಕೇಳಿದರೆ 1/72. ಅಂದರೆ ಆರು ಅಡಿ ಎತ್ತರದ ಪೈಲಟ್ ಒಂದು ಇಂಚು ಆಗುತ್ತಾನೆ. ತೇಜಸ್ ಸುಮಾರು 18 ಸೆಂ.ಮೀ. ಬರುತ್ತದೆ, ಸುಖೋಯ್ 30 ಸೆಂ.ಮೀ. ಅದೇ ಸುಖೋಯ್ 1/48ರಲ್ಲಿ 46 ಸೆಂ.ಮೀ. ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 30 ಸೆಂ.ಮೀ. ದಾಟುತ್ತದೆ, ಶೋಕೇಸಿನ ಬಾಗಿಲು ಹಾಕೋಕಾಗಲ್ಲ. ಟೇಪ್ ತಗೊಂಡು ಮೊದಲು ಶೆಲ್ಫಿನ ಆಳ ಅಳೆಯಿರಿ.

ಆಮೇಲೆ, ಏನನ್ನು ಕೂಡಿಸಬೇಕು ಅನ್ನೋದು. ಸಿಕ್ಕಿದ್ದೆಲ್ಲ ಕೊಂಡರೆ ಆರು ತಿಂಗಳಲ್ಲಿ ಅದು ಆಟಿಕೆ ಅಂಗಡಿ ಆಗಿಬಿಡುತ್ತೆ. ಒಂದು ಎಳೆ ಹಿಡಿಯಿರಿ. ನಾನು ಹಿಡಿದದ್ದು ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್. ಅಲ್ಲಿ ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ-2, 1961ರ ಜೂನ್ 17ರಂದು ಮೊದಲು ಹಾರಿದ ಮಾರುತ್, ನ್ಯಾಟ್‌ನಿಂದ ಹುಟ್ಟಿದ ಅಜೀತ್, 2001ರ ಜನವರಿ 4ರಂದು ಹಾರಿದ ತೇಜಸ್. ಎಳೆ ಸಿಕ್ಕಿದ ಮೇಲೆ ಅದು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಮಾರುತ್ ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನವನ್ನೂ ಮಾಡಿದ್ದ. ಈಗ ನನ್ನ ಶೆಲ್ಫಿನಲ್ಲಿ ಆ ಜರ್ಮನ್ ವಿಮಾನ ಇರೋದು ಅದೇ ಕಾರಣಕ್ಕೆ. ಬಂದವರು ಇದ್ಯಾಕೆ ಇಲ್ಲಿ ಅಂತ ಕೇಳಲಿ ಅಂತಾನೇ ಇಟ್ಟಿದ್ದೇನೆ. ಅಸಲಿ ಮಾರುತ್ ನೋಡಬೇಕಾದರೆ ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ.

ಡೈಕ್ಯಾಸ್ಟ್ ಕೊಳ್ಳೋದಾ, ಕಿಟ್ ಕೊಳ್ಳೋದಾ? ಡೈಕ್ಯಾಸ್ಟ್ ಅಂದರೆ ಲೋಹದ್ದು, ಬಣ್ಣ ಹಚ್ಚಿಯೇ ಬರುತ್ತದೆ, ದುಡ್ಡು ಜಾಸ್ತಿ. ಕಿಟ್ ಅಂದರೆ ಪ್ಲಾಸ್ಟಿಕ್ ತುಂಡುಗಳನ್ನು ನೀವೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಕಿಟ್ ಕೈಗೆತ್ತಿಕೊಂಡರೆ ಒಂದು ಮಾತು ನೆನಪಿಡಿ: ವಿಮಾನದ ದೇಹದ ಎರಡು ಹೋಳು ಅಂಟಿಸುವ ಮುಂಚೆ ಮೂಗಿನೊಳಗೆ ಭಾರ ತುಂಬಿ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು. ಮರೆತರೆ ವಾರಗಟ್ಟಲೆ ಕೂತು ಮಾಡಿದ ಜೆಟ್, ಮೂರು ಚಕ್ರದ ಮೇಲೆ ನಿಲ್ಲಿಸಿದ ಕೂಡಲೇ ಬಾಲ ನೆಲಕ್ಕಿಟ್ಟು ಮೂಗು ಮೇಲೆತ್ತಿ ಕೂರುತ್ತೆ. ಅಂಟಿಸಿದ ಮೇಲೆ ಏನೂ ಮಾಡೋಕಾಗಲ್ಲ. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.

ಪಾರ್ಸೆಲ್ ಬಂದಾಗ ಡಬ್ಬಿಯನ್ನು ಹಾಸಿಗೆ ಮೇಲಿಟ್ಟು ತೆಗೆಯಿರಿ, ವಿಡಿಯೊ ಮಾಡಿಕೊಳ್ಳಿ. ಮೊದಲು ನೋಡಬೇಕಾದ್ದು ಪಿಟೋ ಟ್ಯೂಬ್, ಮೂಗಿನಿಂದ ಮುಂದಕ್ಕೆ ಚಾಚಿದ ಸೂಜಿಯಂಥ ಕಡ್ಡಿ. ಜಾಸ್ತಿ ಮುರಿಯೋದು ಅದೇ. ವಿಮಾನವನ್ನು ಹೊಟ್ಟೆ ಭಾಗದಲ್ಲಿ ಹಿಡಿದು ಎತ್ತಿ, ರೆಕ್ಕೆ ಹಿಡಿಯಬೇಡಿ. ಸೆಕೆಂಡ್ ಹ್ಯಾಂಡ್ ಡೈಕ್ಯಾಸ್ಟ್ ಆದರೆ ಬೆಳಕಿಗೆ ಹಿಡಿದು ಕೂದಲೆಳೆಯಂಥ ಬಿರುಕು, ಉಬ್ಬು ಇದೆಯಾ ನೋಡಿ. ಸತುವಿನ ಮಿಶ್ರಲೋಹದಲ್ಲಿ ಸೀಸದ ಕಲಬೆರಕೆ ಇದ್ದರೆ ವರ್ಷಗಳು ಕಳೆದಂತೆ ಅದು ಒಳಗಿನಿಂದಲೇ ಒಡೆಯುತ್ತದೆ, ಅದಕ್ಕೆ ರಿಪೇರಿ ಇಲ್ಲ. ಡಬ್ಬಿ ಎಸೆಯಬೇಡಿ, ಮನೆ ಬದಲಿಸುವಾಗ ಅದೇ ಬೇಕಾಗೋದು.

ಇನ್ನು ಧೂಳು, ಬಿಸಿಲು. ಕಿಟಕಿ ಎದುರು ಇಟ್ಟರೆ ಬಣ್ಣ ಮಾಸುತ್ತದೆ. ಒದ್ದೆ ಬಟ್ಟೆ ಬೇಡ, ಮೇಕಪ್ ಮಾಡುವ ಮೆತ್ತನೆ ಬ್ರಷ್ ಸಾಕು.

ಗಾಜಿನ ಬಾಗಿಲಿಗೆ ಬೀಗವೂ ಇರಲಿ. ಒಂದು ಆಯುಧಪೂಜೆ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಸ್ಕೂಟರ್, ಮಿಕ್ಸಿ ಜೊತೆ ಅಷ್ಟೂ ವಿಮಾನಗಳಿಗೆ ಕುಂಕುಮ ಇಟ್ಟು ಮುಗಿಸಿದ್ದರು. ಬೂದು ಬಣ್ಣದ ತೇಜಸ್ ಮೂಗಿನ ಮೇಲೆ ಆ ಕೆಂಪು ಇವತ್ತಿಗೂ ಹೋಗಿಲ್ಲ. ಈಗ ಅಮ್ಮ ಗಾಜಿಗೇ ಕುಂಕುಮ ಇಡುತ್ತಾರೆ, ತೇಜಸ್ ಇರುವ ಕಡೆಗೆ ಸರಿಯಾಗಿ.