ಹಳೆಯ ಲಿವರ್ ಎಸ್ಪ್ರೆಸೊ ಯಂತ್ರದ ಹಬೆ ಸೋರಿಕೆ: ನಾನು ನಿಲ್ಲಿಸಿದ ಬಗೆ

ಸ್ಪ್ರಿಂಗ್ ಇಲ್ಲದೆ ಕೈಬಲದಿಂದಲೇ ಲಿವರ್ ಒತ್ತಬೇಕಾದ ಸಣ್ಣ ಇಟಾಲಿಯನ್ ಎಸ್ಪ್ರೆಸೊ ಯಂತ್ರವೊಂದನ್ನು ನಾನು ಬೆಂಗಳೂರಿನವರೊಬ್ಬರಿಂದ ಕೊಂಡು ತುಮಕೂರಿಗೆ ತಂದಾಗ, ಅದರ ಹಬೆ ನಾಬಿನ ಸುತ್ತ ಸದಾ ಬಿಳಿಯ ಮಂಜು ಆಡುತ್ತಿತ್ತು. ಕಾಫಿ ಇಳಿಯುತ್ತಿತ್ತು, ಆದರೆ ಹಾಲಿನಲ್ಲಿ ನೊರೆ ಬರಿಸುವಷ್ಟು ಹಬೆ ಉಳಿಯುತ್ತಿರಲಿಲ್ಲ. ಇಂಥ ಸೋರಿಕೆಯನ್ನು ಸಣ್ಣದೆಂದು ಬಿಡಬಾರದು. ಒತ್ತಡ ಇಳಿದಾಗಲೆಲ್ಲ ಪ್ರೆಷರ್ ಸ್ವಿಚ್ ಹೀಟರನ್ನು ಮತ್ತೆ ಚಾಲೂ ಮಾಡುತ್ತದೆ, ಬಾಯ್ಲರಿನ ನೀರು ನಮಗೆ ಗೊತ್ತಾಗದಂತೆ ಖಾಲಿಯಾಗುತ್ತದೆ, ನೀರಿನ ಮಟ್ಟ ಹೀಟರಿನ ಸುರುಳಿಗಿಂತ ಕೆಳಗಿಳಿದರೆ ಸುರುಳಿಯೇ ಸುಟ್ಟುಹೋಗುತ್ತದೆ.

ಮೊದಲು ಮಾಡಬೇಕಾದದ್ದು ಸೋರುವ ಜಾಗವನ್ನು ಖಚಿತವಾಗಿ ಗುರುತಿಸುವುದು. ಹಬೆ ಹೊರಬೀಳುವ ಬಾಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಸ್ವಲ್ಪ ದೂರ ಸರಿದು ತಣ್ಣಗಾದ ಮೇಲೆಯೇ ಬೆಳ್ಳಗೆ ಕಾಣುತ್ತದೆ. ಹಾಗಾಗಿ ಮಂಜು ಕಂಡ ಕಡೆಯ ನಟ್ಟನ್ನು ಬಿಗಿಮಾಡುವವರು ಹಲವು ಸಲ ತಪ್ಪು ನಟ್ಟನ್ನೇ ಬಿಗಿಮಾಡುತ್ತಿರುತ್ತಾರೆ. ನಾನು ದಪ್ಪ ಬಟ್ಟೆಯಲ್ಲಿ ಕೈ ಸುತ್ತಿಕೊಂಡು, ಉದ್ದ ಹಿಡಿಯ ತಣ್ಣನೆಯ ಸ್ಟೀಲ್ ಸೌಟನ್ನು ಒಂದೊಂದು ಜೋಡಣೆಯ ಹತ್ತಿರವೂ ಹಿಡಿದು ನೋಡಿದೆ. ಸುರಕ್ಷಾ ವಾಲ್ವಿನ ಬಳಿ ಸೌಟು ಒಣಗಿಯೇ ಇತ್ತು. ಬಾಯ್ಲರಿನ ಮುಚ್ಚಳದಂಚಿನಲ್ಲಿ ತೆಳುವಾಗಿ ಮಸುಕಾಯಿತು. ಹಬೆ ನಾಬಿನ ಕಡ್ಡಿ ನಟ್ಟಿನೊಳಕ್ಕೆ ಹೋಗುವಲ್ಲಿ ಹಿಡಿದ ಕೂಡಲೇ ಹನಿಗಟ್ಟಿತು. ಹಬೆ ಕೊಳವೆಯ ತುದಿ ತೊಟ್ಟಿಕ್ಕುತ್ತಿದ್ದರೆ ದೋಷ ವಾಲ್ವಿನ ಸೀಟಿನಲ್ಲಿ, ಅಂದರೆ ಕಡ್ಡಿಯ ಮೊನೆ ಕೂತು ಹಬೆಯನ್ನು ತಡೆಯುವ ಜಾಗದಲ್ಲಿ, ಎಂದು ತಿಳಿಯಬೇಕು. ಕಡ್ಡಿಯ ಸುತ್ತ ಸೋರುತ್ತಿದ್ದರೆ ಅದು ಗ್ಲ್ಯಾಂಡ್ ಪ್ಯಾಕಿಂಗಿನ, ಅಂದರೆ ನಟ್ಟಿನೊಳಗೆ ಕಡ್ಡಿಯ ಸುತ್ತ ತುಂಬಿ ಹಬೆಯನ್ನು ತಡೆಯುವ ವಸ್ತುವಿನ, ದೋಷ. ಎರಡಕ್ಕೂ ಮದ್ದು ಬೇರೆ ಬೇರೆ.

ಬಿಚ್ಚುವ ಮುನ್ನ ಪ್ಲಗ್ ಕಿತ್ತು, ಯಂತ್ರ ಪೂರ್ತಿ ತಣ್ಣಗಾಗುವವರೆಗೆ ಕಾದು, ಹಬೆ ನಾಬನ್ನು ತೆರೆದು ಉಳಿದ ಒತ್ತಡವನ್ನೂ ಹೊರಬಿಡಬೇಕು. ಗೇಜಿನಲ್ಲಿ 0.8 ಬಾರ್ ಇರುವಾಗ ಒಳಗಿನ ನೀರು ಸುಮಾರು 115 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಆಗ ಮುಚ್ಚಳ ಸಡಿಲಿಸಿದರೆ ಮುಖ, ಕೈ ಸುಟ್ಟುಹೋಗುತ್ತವೆ.

ಪ್ಯಾಕಿಂಗನ್ನು ಒತ್ತಿಹಿಡಿಯುವ ಗ್ಲ್ಯಾಂಡ್ ನಟ್ ತೆಗೆದು ಕಡ್ಡಿಯನ್ನು ಹೊರಗೆಳೆದಾಗ ಕಾರಣ ಕಣ್ಣೆದುರೇ ಇತ್ತು. ನಯವಾಗಿರಬೇಕಾದ ಹಿತ್ತಾಳೆಯ ಕಡ್ಡಿಯ ಮೇಲೆ ಬೂದುಬಿಳಿಯ ಸುಣ್ಣದ ಪದರ ಕೂತು, ಉಗುರಿಗೆ ಉಪ್ಪುಕಾಗದದ ಹಾಗೆ ತರಿತರಿಯಾಗಿ ತಗಲುತ್ತಿತ್ತು. ಗಡಸು ನೀರು ಕಾದಾಗ ಅದರ ಬೈಕಾರ್ಬನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ನಾಬ್ ತಿರುಗಿಸಿದ ಪ್ರತಿ ಸಲವೂ ಆ ತರಿ ಪ್ಯಾಕಿಂಗನ್ನು ಕೆರೆದು ತಿಂದಿತ್ತು. ಇಂಥ ಕಡ್ಡಿಗೆ ನಟ್ ಇನ್ನಷ್ಟು ಬಿಗಿಮಾಡಿದರೆ ಸೋರಿಕೆ ಎರಡು ದಿನ ನಿಂತು, ಪ್ಯಾಕಿಂಗ್ ಮತ್ತೂ ಬೇಗ ಸವೆಯುತ್ತದೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ 20 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಕಡ್ಡಿಯನ್ನೂ ನಟ್ಟನ್ನೂ ಅದರಲ್ಲಿ ಮುಳುಗಿಸಿಟ್ಟು, ಗುಳ್ಳೆ ಏಳುವುದು ನಿಂತ ತಕ್ಷಣ ತೆಗೆದು ತೊಳೆದೆ. ಹಿತ್ತಾಳೆಯನ್ನು ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತು ಕರಗಿ ಮೇಲ್ಮೈ ತಾಮ್ರದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಪಕ್ಕದಲ್ಲೇ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ಹಳೆಯ ಪ್ಯಾಕಿಂಗ್ ಕಲ್ಲಾಗಿತ್ತು. ದಬ್ಬಳದ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಪ್ಯಾಕಿಂಗ್ ಕೂರುವ ತೂತಿನ ಒಳಗೋಡೆಗೆ ಗೀರು ಬೀಳದಂತೆ ಪುಡಿಪುಡಿಯಾಗಿ ಕಿತ್ತೆ. ಬದಲಿಗೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಪಂಪ್ ರಿಪೇರಿ ಮಾಡುವವರ ಬಳಿ ಸಿಗುವ ಬಿಳಿಯ ಟೆಫ್ಲಾನ್ ಗ್ಲ್ಯಾಂಡ್ ಹಗ್ಗವನ್ನು ತಂದೆ. ನೀರೆತ್ತುವ ಪಂಪುಗಳಿಗೆ ಹಾಕುವ ಕಪ್ಪು ಗ್ರ್ಯಾಫೈಟ್ ಹಗ್ಗವನ್ನು ಅವರು ಮೊದಲು ತೋರಿಸುತ್ತಾರೆ. ಕುಡಿಯುವ ಹಾಲಿಗೆ ಹೋಗುವ ಹಬೆಯ ದಾರಿಯಲ್ಲಿ ಅದು ಬೇಡ. ಹಗ್ಗವನ್ನು ಸುರುಳಿಯಾಗಿ ಸುತ್ತಿ ತುರುಕದೆ, ತುದಿಗಳನ್ನು ಓರೆಯಾಗಿ ಕತ್ತರಿಸಿ ಬಿಡಿಬಿಡಿ ಉಂಗುರ ಮಾಡಿಕೊಂಡು, ಒಂದರ ಸೇರಿಕೆ ಇನ್ನೊಂದರ ಸೇರಿಕೆಗೆ ಎದುರಾಗುವಂತೆ ಕೂರಿಸಿದೆ. ಸೇರಿಕೆಗಳು ಒಂದೇ ಸಾಲಿಗೆ ಬಂದರೆ ಹಬೆ ಅಲ್ಲೇ ದಾರಿ ಹುಡುಕಿಕೊಳ್ಳುತ್ತದೆ.

ಸೀಟನ್ನೂ ನೋಡಿದೆ. ಕಡ್ಡಿಯ ಮೊನೆಗೆ ಮಾರ್ಕರಿನ ಮಸಿ ಹಚ್ಚಿ ಮೆಲ್ಲಗೆ ಮುಚ್ಚಿ ತೆಗೆದಾಗ ಮಸಿ ಅಳಿದ ಗೆರೆ ಎಲ್ಲೂ ತುಂಡಾಗದೆ ಸುತ್ತ ಬಂದಿದ್ದರಿಂದ ಅದನ್ನು ಉಜ್ಜಲು ಹೋಗಲಿಲ್ಲ. ಬಾಯ್ಲರ್ ಮುಚ್ಚಳಕ್ಕೆ ಹೊಸ ಓ-ರಿಂಗ್ (ರಬ್ಬರ್ ಬಳೆ) ಹಾಕಿದೆ. ಹಬೆಗೆ ಇಪಿಡಿಎಂ ಎಂಬ ಕೃತಕ ರಬ್ಬರ್ ಒಗ್ಗುತ್ತದೆ, ಆದರೆ ಪೆಟ್ರೋಲಿಯಂ ಗ್ರೀಸ್ ತಗುಲಿದರೆ ಊದಿಕೊಳ್ಳುತ್ತದೆ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸನ್ನೇ ಸವರಬೇಕು.

ಗ್ಲ್ಯಾಂಡ್ ನಟ್ಟನ್ನು ಮೊದಲು ಕೈಯಿಂದ ಬಿಗಿಯುವಷ್ಟೇ ಬಿಗಿದು ಯಂತ್ರ ಕಾಯಿಸಿದೆ. ಟೆಫ್ಲಾನ್ ಬಿಸಿಗೆ ಕೂತುಕೊಂಡ ಮೇಲೆ, ಯಂತ್ರವನ್ನು ಆರಿಸಿ ತಣ್ಣಗಾಗಲು ಬಿಟ್ಟು, ಸ್ಪ್ಯಾನರಿನಿಂದ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದೆ. ನಾಬ್ ಎರಡು ಬೆರಳಲ್ಲಿ ತಿರುಗುವಷ್ಟು ಹಗುರ ಉಳಿಯಬೇಕೆಂಬುದೇ ಇಲ್ಲಿ ನನ್ನ ಅಳತೆ. ಈಗ ಸೌಟು ಹಿಡಿದರೆ ಒಣಗಿಯೇ ಇರುತ್ತದೆ, ಹೀಟರಿನ ದೀಪ ಬಹಳ ಹೊತ್ತು ಆರಿಯೇ ಇರುತ್ತದೆ. ಬಾಯ್ಲರಿಗೆ ಬೋರ್‌ವೆಲ್ ನೀರು ಹಾಕುವುದನ್ನು ನಿಲ್ಲಿಸಿ, ಬುಗುಡನಹಳ್ಳಿ ಕೆರೆಯಿಂದ ನಲ್ಲಿಗೆ ಬರುವ ಹೇಮಾವತಿ ನೀರನ್ನು ಸೋಸಿ ಬಳಸುತ್ತಿದ್ದೇನೆ. ಅದರಲ್ಲೂ ಸ್ವಲ್ಪ ಸುಣ್ಣ ಇದ್ದೇ ಇರುವುದರಿಂದ ಆಗಾಗ ಕಡ್ಡಿಯನ್ನು ಬಿಚ್ಚಿ, ಉಗುರಿನಿಂದ ಸವರಿ ನೋಡುತ್ತೇನೆ.