ತೊಗರಿ ಮಾರುವ ಲೆಕ್ಕ ನಾನು ಜೂನ್‌ನಲ್ಲೇ ಹಾಕುತ್ತೇನೆ

ಕಲಬುರಗಿ ಕಡೆ ನಮ್ಮಂಥ ನಾಲ್ಕೆಕರೆ ಒಣಭೂಮಿಯವರಿಗೆ ತೊಗರಿಯೇ ವರ್ಷದ ರೊಕ್ಕ. ಕೊಯ್ದು, ಕಾಳು ಬಿಡಿಸಿ ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಎಲ್ಲರ ಮಾಲೂ ಒಟ್ಟಿಗೇ ಎಪಿಎಂಸಿ ಮಾರುಕಟ್ಟೆಯ ಯಾರ್ಡಿಗೆ ಬರುತ್ತದೆ, ದರ ಇಳಿಯುತ್ತದೆ. ರೈತನಿಗೆ ಇದು ತಿಳಿಯದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ತಿಳಿದೇ ಇರುತ್ತದೆ. ಆದರೆ ಜೂನ್‌ನ ಬಿತ್ತನೆಗೆ ಅಡತಿ ಅಂಗಡಿಯಿಂದ, ಅಂದರೆ ಕಮಿಷನ್ ಮೇಲೆ ಮಾಲು ಮಾರಿಸಿಕೊಡುವವರಿಂದ, ಉದ್ರಿ ತಂದಿರುತ್ತೇವೆ. ಮಾಲು ಅಲ್ಲಿಗೇ ಹೋಗಬೇಕು, ಅವರು ಹೇಳಿದಾಗಲೇ ಹೋಗಬೇಕು.

ಅದಕ್ಕೇ ನಾನು ಮೊದಲು ಬಿಡಿಸಿಕೊಂಡಿದ್ದು ಉದ್ರಿಯನ್ನು. ಒಂದು ಎಕರೆಗೆ ಹೆಸರುಕಾಳು ಹಾಕಿದೆ. ಎರಡು ತಿಂಗಳ ಮೇಲೆ ಒಂದಿಷ್ಟು ದಿನದಲ್ಲಿ ಬರುವ ಬೆಳೆ. ತೊಗರಿಯ ಕಾಯಿಕೊರಕ ಹುಳದ ಔಷಧ, ಕಳೆ ಕೂಲಿ, ದೀಪಾವಳಿ ಖರ್ಚು ಅದರಲ್ಲೇ ಹೋಗುತ್ತದೆ. ಕೊಯ್ಲಿಗೆ ಮಳೆ ಹಿಡಿದರೆ ಹೆಸರು ಕೆಡುತ್ತದೆ, ಆ ವರ್ಷ ಕಷ್ಟವೇ. ಬೀಜ, ಗೊಬ್ಬರಕ್ಕೆ ಸೊಸೈಟಿ ಸಾಲ.

ತೊಗರಿಯನ್ನು ಒಂದೇ ಸಲ ಮಾರುವುದಿಲ್ಲ. ಮೊದಲು ಬೀಜಕ್ಕೆ, ಮನೆಯ ಬೇಳೆಗೆ ಎತ್ತಿಡುತ್ತೇವೆ. ಎಷ್ಟು ಅನ್ನುವುದು ಹೆಂಡತಿಯ ತೀರ್ಮಾನ. ರಾಶಿ ಮಷಿನ್ ಬಾಡಿಗೆ, ಕೂಲಿಗೆ ಬೇಕಾದಷ್ಟನ್ನು ಜನವರಿಯಲ್ಲೇ ಕೊಡುತ್ತೇನೆ. ಸರ್ಕಾರದ ಬೆಂಬಲ ಬೆಲೆಗೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಹಿಡಿದು ಹೆಸರು ಬರೆಸುತ್ತೇನೆ. 2025-26ಕ್ಕೆ ಅದು ಕ್ವಿಂಟಲ್‌ಗೆ 8000 ರೂಪಾಯಿ. ಕಾಳಿನ ಹಸಿ (ತೇವಾಂಶ) ಶೇಕಡಾ 12 ದಾಟಬಾರದು, ಹಾಗಾಗಿ ಕಣದಲ್ಲೇ ಚೆನ್ನಾಗಿ ಒಣಗಿಸಬೇಕು. ರೊಕ್ಕ ಖಾತೆಗೆ ಬರುವುದು ತಡವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ? ಉಳಿದ ಚೀಲ ಗೋದಾಮಿಗೆ. ರಸೀದಿ ಮೇಲೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ.

ಸುಮ್ನೆ ಕಾಯುವುದು ಜಾಣತನ ಅಂತ ನಾನು ಹೇಳುವುದಿಲ್ಲ. ಇವತ್ತು ದರ 7000 ಇದೆ ಅನ್ನಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ ಮೈಮೇಲಿದ್ದರೆ, ನಾಲ್ಕು ತಿಂಗಳು ಕಾದದ್ದಕ್ಕೆ ಕ್ವಿಂಟಲ್‌ಗೆ ಬಡ್ಡಿಯೇ 560. ಗೋದಾಮು ಬಾಡಿಗೆ, ಹಮಾಲಿ, ತೂಕ ಇಳಿಯುವುದು ಬೇರೆ. ದರ 7600 ದಾಟಿದರೂ ಕೈಗೆ ಹೆಚ್ಚೇನೂ ಉಳಿಯದು. ಅಂಥವರು ಜನವರಿಯಲ್ಲೇ ಮಾರಿ ಸಾಲ ತೀರಿಸುವುದೇ ಸರಿ. ಅವರಿಗೆ ವ್ಯಾಪಾರ ಗೊತ್ತಿಲ್ಲ ಅಂತ ಯಾರಾದರೂ ಹಳಿದರೆ ನನಗೆ ಸಿಟ್ಟು ಬರುತ್ತದೆ.

ಹೋದ ವರ್ಷದ ದರ ನೋಡಿಕೊಂಡು ಇಡೀ ಹೊಲಕ್ಕೆ ತೊಗರಿ ಬಿತ್ತುವುದೂ ಇಲ್ಲ. 2015ರಲ್ಲಿ ಕ್ವಿಂಟಲ್ 10000 ದಾಟಿತ್ತು. ಮರುವರ್ಷ ಎಲ್ಲಿ ನೋಡಿದರೂ ತೊಗರಿ, ಮಳೆಯೂ ಕೈಹಿಡಿಯಿತು. 2017 ಶುರುವಾಗುವ ಹೊತ್ತಿಗೆ ಯಾರ್ಡಿನ ದರ ಬೆಂಬಲ ಬೆಲೆಗಿಂತ ಕೆಳಗೆ. ಆಗ ಕೇಂದ್ರದ ಬೋನಸ್ ಸೇರಿ ಬೆಂಬಲ ಬೆಲೆ ಇದ್ದದ್ದು 5050. ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು.

ದರ ನಮ್ಮ ಜಿಲ್ಲೆಯಲ್ಲಷ್ಟೇ ತೀರ್ಮಾನ ಆಗುವುದಿಲ್ಲ. ಮ್ಯಾನ್ಮಾರ್‌ನಿಂದ, ಆಫ್ರಿಕಾದಿಂದ ತೊಗರಿ ಬರುತ್ತದೆ. ಮೊಜಾಂಬಿಕ್‌ನ ಕೊಯ್ಲು ನಮ್ಮ ಮಳೆಗಾಲದ ಹೊತ್ತಿಗೆ. ಹಾಗಾಗಿ ಗೋದಾಮಿನ ಮಾಲನ್ನು ಮೇ ದಾಟಿಸುವುದಿಲ್ಲ. ಇನ್ನೂ ಏರುತ್ತದೆ ಅನ್ನುವ ಸುದ್ದಿ ಇದ್ದರೂ ಕೊಟ್ಟುಬಿಡುತ್ತೇನೆ.